ಕೇಳುವ ಪ್ರತಿ, ಕಾಪಾಡುವ ಪ್ರತಿ

ಮನೆಯಲ್ಲಿ ಕುಳಿತು ಸಂಗೀತವನ್ನು ಆಲಿಸತಕ್ಕ ರಸಿಕರ ನಡುವೆ ಈಚಿನ ವರ್ಷಗಳಲ್ಲಿ ಒಂದು ವಿವಾದ ಬೆಳೆದು ಬಂದಿದೆ. ಮುದ್ರಿತವಾದ ಧ್ವನಿಯ ಒಂದು ಕಣವನ್ನೂ ಬಿಡದೆ ಉಳಿಸಿಕೊಂಡಿರುವ, ಲಾಸ್‌ಲೆಸ್ ಎಂದು ಕರೆಯಲ್ಪಡುವ ನಷ್ಟರಹಿತ ಫೈಲುಗಳನ್ನು ಬಿಟ್ಟು ಬೇರೆ ಯಾವುದನ್ನು ಕೇಳಿದರೂ ಅದು ಸಂಗೀತಕ್ಕೆ ಮಾಡಿದ ಅಪಚಾರವೆಂದು ಒಂದು ಪಕ್ಷ ಹೇಳುತ್ತದೆ. ಎಂಪಿ3 ಮುಂತಾದ ಸಂಕುಚಿತ ಫೈಲುಗಳಿಗೂ ಮೂಲಕ್ಕೂ ಮನುಷ್ಯನ ಕಿವಿ ಗುರುತಿಸಬಲ್ಲ ಭೇದವೇ ಇಲ್ಲವಾದ್ದರಿಂದ ಈ ಆಗ್ರಹವೆಲ್ಲ ವ್ಯಾಪಾರಿಗಳು ಹುಟ್ಟಿಸಿದ ಭ್ರಾಂತಿಯೆಂದು ಇನ್ನೊಂದು ಪಕ್ಷ ವಾದಿಸುತ್ತದೆ. ಆಪಲ್ ಸಂಸ್ಥೆ 2021ರಲ್ಲಿ ತನ್ನ ಸಂಗೀತ ಭಂಡಾರವನ್ನು ನಷ್ಟರಹಿತ ರೂಪದಲ್ಲಿ ಕೊಡಲಾರಂಭಿಸಿ, 2025ರಲ್ಲಿ ಸ್ಪಾಟಿಫೈಯೂ ಅದೇ ಮಾರ್ಗವನ್ನು ಹಿಡಿದ ಮೇಲೆ, ಹಿಂದೆ ಕೆಲವೇ ಮಂದಿ ಹವ್ಯಾಸಿಗಳ ಚರ್ಚೆಯಾಗಿದ್ದ ಈ ವಿಷಯ ಸಾಮಾನ್ಯ ಗೃಹಸ್ಥನ ಮೊಬೈಲಿನೊಳಕ್ಕೂ ಬಂದಿದೆ. ಯಾವುದನ್ನು ಆರಿಸಿಕೊಳ್ಳಬೇಕು, ಯಾವುದಕ್ಕೆ ಹಣ ತೆರಬೇಕು ಎಂಬ ಪ್ರಶ್ನೆ ಈಗ ಎಲ್ಲರದೂ ಆಗಿದೆ.

ಈ ಎರಡು ಪಕ್ಷಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರುವಂತೆ ತೋರಿದರೂ ವಾಸ್ತವವಾಗಿ ಇಲ್ಲಿರುವ ಪ್ರಶ್ನೆಗಳು ಎರಡು. ದಿನದ ಕೆಲಸ ಮುಗಿಸಿ ಸಂಗೀತಕ್ಕೆ ಮನಸ್ಸು ಕೊಟ್ಟು ಕುಳಿತವನ ಕಿವಿಗೆ ಎಷ್ಟು ಸಾಕು ಎಂಬುದು ಒಂದು. ಒಂದು ಧ್ವನಿಮುದ್ರಣವನ್ನು ಮುಂದಿನ ತಲೆಮಾರಿಗಾಗಿ ಎತ್ತಿಡುವಾಗ ಅದರಿಂದ ಏನನ್ನಾದರೂ ತೆಗೆದುಹಾಕಲು ನಮಗೆ ಅಧಿಕಾರವುಂಟೆ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಉದಾರವಾಗಿಯೂ ಎರಡನೆಯದಕ್ಕೆ ಕಟ್ಟುನಿಟ್ಟಾಗಿಯೂ ಉತ್ತರ ಹೇಳಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಮನೆಗಳಲ್ಲಿಯೂ ಸಂಗೀತ ಸಭೆಗಳಲ್ಲಿಯೂ ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ: ಕೇಳುವ ವಿಷಯದಲ್ಲಿ ಅತಿಯಾದ ಮಡಿ, ಕಾಪಾಡುವ ವಿಷಯದಲ್ಲಿ ಅತಿಯಾದ ಔದಾಸೀನ್ಯ.

ವಿಷಯವನ್ನು ಬುಡದಿಂದ ನೋಡುವುದು ಒಳ್ಳೆಯದು. ಧ್ವನಿಯೆಂಬುದು ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಆ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳಲ್ಲಿ ಬರೆದಿಡುವುದೇ ಡಿಜಿಟಲ್ ಮುದ್ರಣ. ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಕೂಡಿ ರೂಪಿಸಿ 1982ರಲ್ಲಿ ಜಪಾನಿನ ಪೇಟೆಗೆ ತಂದ ಸಿಡಿಯಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ ನಡೆಯುತ್ತದೆ. ಪ್ರತಿಯೊಂದು ಅಳತೆಗೂ 16 ಬಿಟ್‌ಗಳು, ಎಡವೆಂದೂ ಬಲವೆಂದೂ ಎರಡು ಪಥಗಳು. ಮನುಷ್ಯನ ಕಿವಿ, ಅದೂ ಎಳೆಯ ವಯಸ್ಸಿನಲ್ಲಿ, ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲುದಾದ್ದರಿಂದ, ಮತ್ತು ಒಂದು ಕಂಪನವನ್ನು ತಪ್ಪಿಲ್ಲದೆ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕೆಂದು ನೈಕ್ವಿಸ್ಟ್, ಶಾನನ್ ಎಂಬ ವಿದ್ವಾಂಸರು ತೋರಿಸಿಕೊಟ್ಟಿದ್ದರಿಂದ, ಇಷ್ಟು ದೊಡ್ಡ ಸಂಖ್ಯೆ ಬೇಕಾಯಿತು. ಹೀಗೆ ಬರೆದರೆ ಒಂದು ಸೆಕೆಂಡಿಗೆ 14 ಲಕ್ಷ 11 ಸಾವಿರ ಬಿಟ್‌ಗಳು, ಒಂದು ನಿಮಿಷಕ್ಕೆ 10 ಎಂಬಿಗಿಂತ ಸ್ವಲ್ಪ ಹೆಚ್ಚು. ಮೂರು ಗಂಟೆಗಳ ಒಂದು ಪೂರ್ಣ ಕಛೇರಿಗೆ ಸುಮಾರು 1,900 ಎಂಬಿ ಸ್ಥಳ ಹಿಡಿಯುತ್ತದೆ.

ಈ ಗಾತ್ರವನ್ನು ಇಳಿಸಲು ಎರಡು ಮಾರ್ಗಗಳುಂಟು. ಮೊದಲನೆಯದರಲ್ಲಿ ಏನೊಂದೂ ಕಳೆಯುವುದಿಲ್ಲ. ಸಂಗೀತದ ಧ್ವನಿ ಹೇಗೆಂದರೆ ಹಾಗೆ ನೆಗೆಯುವಂಥದಲ್ಲವಾದ ಕಾರಣ, ಹಿಂದಿನ ಕೆಲವು ಅಳತೆಗಳನ್ನು ನೋಡಿದರೆ ಮುಂದಿನದು ಎಲ್ಲಿ ಬಂದೀತೆಂದು ಲೆಕ್ಕ ಹಾಕಬಹುದು. ಹಾಗೆ ಲೆಕ್ಕ ಹಾಕಿ, ಆ ಲೆಕ್ಕಕ್ಕೂ ನಿಜವಾದ ಅಳತೆಗೂ ಇರುವ ಚಿಕ್ಕ ವ್ಯತ್ಯಾಸವನ್ನು ಮಾತ್ರ ಬರೆದಿಟ್ಟರೆ ಅಂಕಿಗಳು ಸಣ್ಣವಾಗುತ್ತವೆ, ಫೈಲು ಅರ್ಧದಷ್ಟಕ್ಕೋ ಅದಕ್ಕಿಂತ ತುಸು ಹೆಚ್ಚಿಗೋ ಇಳಿಯುತ್ತದೆ. ತೆರೆದಾಗ ಮಾತ್ರ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಜರಿಯ ಸೀರೆಯನ್ನು ಬಿಡಿಸಿದಂತೆ, ಮೂಲವು ಸೆರಗು ಅಂಚುಗಳ ಸಮೇತ ಇದ್ದಂತೆಯೇ ಮರಳಿ ಬರುತ್ತದೆ. ಜಾಷ್ ಕೋಲ್ಸನ್ ಎಂಬವರು 2000ದಲ್ಲಿ ಆರಂಭಿಸಿ ಮರುವರ್ಷ ಎಲ್ಲರಿಗೂ ಉಚಿತವಾಗಿ ಒದಗಿಸಿದ ಫ್ಲ್ಯಾಕ್ ಎಂಬುದು ಈ ವರ್ಗದಲ್ಲಿ ಹೆಚ್ಚು ಬಳಕೆಯಲ್ಲಿರುವಂಥದು. ಆಪಲ್ ಸಂಸ್ಥೆಯ ಅಲಾಕ್ ಇನ್ನೊಂದು. ನಮ್ಮ ಹಳೆಯ ಮುದ್ರಣಗಳಲ್ಲಿ ಬಹಳಷ್ಟು ಮೋನೋ ಆಗಿರುವುದರಿಂದ ಇಲ್ಲಿ ಇನ್ನೊಂದು ಅನುಕೂಲವೂ ಉಂಟು: ಎಡಬಲಗಳೆರಡರಲ್ಲಿಯೂ ಒಂದೇ ಅಂಕಿಗಳಿದ್ದರೆ ಫ್ಲ್ಯಾಕ್ ಅದನ್ನು ಕಂಡುಕೊಂಡು ಒಂದನ್ನೇ ಬರೆಯುತ್ತದಾಗಿ, ಫೈಲು ಮತ್ತಷ್ಟು ಚಿಕ್ಕದಾಗುತ್ತದೆ.

ಎರಡನೆಯ ಮಾರ್ಗದ ಸ್ವಭಾವವೇ ಬೇರೆ. ಅದು ಧ್ವನಿಯನ್ನಲ್ಲದೆ ಕೇಳುವವನ ಕಿವಿಯನ್ನು ಅಭ್ಯಾಸ ಮಾಡಿ ಹುಟ್ಟಿದ ವಿದ್ಯೆ. ಒಂದು ಪ್ರಬಲವಾದ ಸ್ವರ ಮೊಳಗುತ್ತಿರುವಾಗ ಅದರ ನೆರೆಯಲ್ಲಿರುವ ದುರ್ಬಲವಾದ ಸ್ವರ ನಮಗೆ ಕೇಳಿಸುವುದಿಲ್ಲ. ಘಟದ ಮೇಲೆ ಗಟ್ಟಿಯಾದ ಒಂದು ಪೆಟ್ಟು ಬಿದ್ದಾಗ ಅದರ ಹಿಂದುಮುಂದಿನ ಅತ್ಯಲ್ಪ ಕಾಲದಲ್ಲಿ ಸೂಕ್ಷ್ಮವಾದ ಧ್ವನಿಗಳು ಮರೆಯಾಗಿಬಿಡುತ್ತವೆ. ಹೀಗೆ ಮರೆಯಾಗತಕ್ಕದ್ದು ಯಾವುದೆಂದು ಗಣಿತದಿಂದ ಕಂಡುಹಿಡಿದು, ಅದನ್ನು ಒರಟಾಗಿ ಬರೆದೋ ಪೂರ್ತಿಯಾಗಿ ಬಿಟ್ಟೋ ಸ್ಥಳವನ್ನು ಉಳಿಸುವುದು ಎಂಪಿ3ರ ತತ್ತ್ವ. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಂಗಡಿಗರು ಬೆಳೆಸಿದ ಈ ಕ್ರಮ 1993ರಲ್ಲಿ ಅಂತರರಾಷ್ಟ್ರೀಯ ಮಾನಕದ ಭಾಗವಾಗಿ ಪ್ರಕಟವಾಯಿತು. ಎಂಪಿ3 ಎಂಬ ಹೆಸರು ಅದಕ್ಕೆ ಅಂಟಿದ್ದು 1995ರಲ್ಲಿ. ಸೆಕೆಂಡಿಗೆ 128 ಕಿಲೋಬಿಟ್‌ಗಳ ಎಂಪಿ3 ಫೈಲೊಂದು ಸಿಡಿಯ ಹನ್ನೊಂದನೆಯ ಒಂದು ಭಾಗದಷ್ಟು ಸ್ಥಳವನ್ನು ಮಾತ್ರ ಹಿಡಿಯುತ್ತದೆಂದರೆ, ಇದು ಎಂಥ ಸಾಧನೆಯೆಂಬುದು ತಿಳಿದೀತು.

ಈ ಸಾಧನೆಯ ತಳಪಾಯದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರೊಬ್ಬರ ಕಾಣಿಕೆಯಿರುವುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 1940ರಲ್ಲಿ ಜನಿಸಿ, ಈಗ ವಿಶ್ವೇಶ್ವರಯ್ಯನವರ ಹೆಸರಿನಲ್ಲಿರುವ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿಯನ್ನು ಪಡೆದು ಅಮೆರಿಕಕ್ಕೆ ತೆರಳಿದ ನಾಸಿರ್ ಅಹಮದ್ ಅವರು, ಕಾನ್ಸಾಸ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಕೆಲವೇ ಅಲೆಗಳ ಮೊತ್ತವಾಗಿ ಬರೆಯಬಲ್ಲ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ವಿಧಾನವನ್ನು ಯೋಚಿಸಿ, ಅದರ ಅಭ್ಯಾಸಕ್ಕಾಗಿ 1972ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಸಹಾಯಧನ ಕೇಳಿದರು, ದೊರೆಯಲಿಲ್ಲ. ಆದರೂ ಬಿಡದೆ ಕೆಲಸವನ್ನು ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಅವರು ಪ್ರಕಟಿಸಿದ ಕೆಲವೇ ಪುಟಗಳ ಲೇಖನದಿಂದ ಇಂದಿನ ಜೆಪೆಗ್ ಚಿತ್ರಗಳು ಬಂದಿವೆ. ಅದೇ ವಿಧಾನವನ್ನು ಇತರರು ತಿದ್ದಿ ಬೆಳೆಸಿದ ರೂಪವೊಂದು ಎಂಪಿ3ರಲ್ಲಿಯೂ ಅನಂತರದ ಎಎಸಿಯಲ್ಲಿಯೂ ಕೆಲಸ ಮಾಡುತ್ತಿದೆ. ಸಂಕುಚಿತ ಫೈಲೆಂದರೆ ಮೂಗು ಮುರಿಯುವ ನಮ್ಮ ರಸಿಕರು ಈ ಬುದ್ಧಿಯ ಘನತೆಯನ್ನು ಒಮ್ಮೆ ನೆನೆಯುವುದು ಯುಕ್ತ.

ಬ್ರಾಂಡೆನ್‌ಬುರ್ಗರಿಗೆ ಅತ್ಯಂತ ಕಷ್ಟ ಕೊಟ್ಟ ಮುದ್ರಣ ಯಾವುದೆಂಬ ಸಂಗತಿ ನಮಗೆ ವಿಶೇಷವಾಗಿ ಬೋಧಪ್ರದವಾದದ್ದು. ಅದು ನೂರು ವಾದ್ಯಗಳ ಮೇಳವಲ್ಲ. ಸುಜಾನ್ ವೇಗಾ ಎಂಬ ಅಮೆರಿಕದ ಗಾಯಕಿ ಯಾವ ಪಕ್ಕವಾದ್ಯವೂ ಇಲ್ಲದೆ ಒಂಟಿ ಕಂಠದಲ್ಲಿ ಹಾಡಿದ ‘ಟಾಮ್ಸ್ ಡೈನರ್’. ಮೇಳದಲ್ಲಿ ಒಂದರ ದೋಷ ಇನ್ನೊಂದರ ಅಬ್ಬರದಲ್ಲಿ ಅಡಗುತ್ತದೆ. ಒಂಟಿ ಕಂಠದಲ್ಲಿ ಅಡಗಲು ಎಡೆಯಿಲ್ಲ. ಆ ಹಾಡು ಸಹ್ಯವಾಗಿ ಕೇಳುವವರೆಗೂ ಅವರು ತಮ್ಮ ಕ್ರಮವನ್ನು ತಿದ್ದುತ್ತಲೇ ಇದ್ದರು. ಪಲ್ಲವಿಗೂ ಮೊದಲು, ಮೃದಂಗ ಇನ್ನೂ ಬಾಯಿ ತೆರೆಯದ ಆಲಾಪನೆಯ ಅರ್ಧ ಗಂಟೆಯಲ್ಲಿ ಗಾಯಕನ ಉಸಿರು ಕೂಡ ಕೇಳಿಸುವ ಸಂಗೀತ ಪದ್ಧತಿಯಲ್ಲಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಹೀಗೆ ತೆಗೆದುಹಾಕಿದ್ದು ಕೇಳುವವನಿಗೆ ಗೊತ್ತಾಗುವುದೇ? ಇದನ್ನು ವಾಗ್ವಾದದಿಂದ ನಿರ್ಣಯಿಸಲಾಗದು, ಪರೀಕ್ಷೆಯಿಂದ ನಿರ್ಣಯಿಸಬೇಕು. ಆ ಪರೀಕ್ಷೆಯಲ್ಲಿ ಯಾವುದು ಯಾವ ಫೈಲೆಂಬುದು ಕೇಳುವವನಿಗೆ ತಿಳಿದಿರಕೂಡದು, ಏಕೆಂದರೆ ತಿಳಿದ ಕೂಡಲೇ ಮನಸ್ಸು ಕಿವಿಗಿಂತ ಮುಂಚೆ ತೀರ್ಪು ಕೊಟ್ಟುಬಿಡುತ್ತದೆ. ಕೆನಡಾ ದೇಶದ ಮೆಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಮಂಡಿಸಿದ ಪರೀಕ್ಷೆಯಲ್ಲಿ, ಕಿವಿ ಪಳಗಿದ ಶ್ರೋತೃಗಳು 96ರಿಂದ 192 ಕಿಲೋಬಿಟ್‌ಗಳವರೆಗಿನ ಎಂಪಿ3ಗಳನ್ನು ಸಿಡಿಯಿಂದ ಬೇರ್ಪಡಿಸಿ ಸಿಡಿಯನ್ನೇ ಮೆಚ್ಚಿದರು; 256 ಮತ್ತು 320 ಕಿಲೋಬಿಟ್‌ಗಳಿಗೆ ಬಂದಾಗ ಅವರ ಒಲವು ಎತ್ತಲೂ ವಾಲಲಿಲ್ಲ. ಸಿಡಿಯನ್ನೂ ಮೀರಿದ ಸೂಕ್ಷ್ಮತೆಯುಳ್ಳದ್ದೆಂದು ಹೆಚ್ಚಿನ ಬೆಲೆಗೆ ಮಾರಲ್ಪಡುವ ಮುದ್ರಣಗಳ ವಿಷಯದಲ್ಲಿ ಫಲಿತಾಂಶ ಇನ್ನೂ ಸ್ಪಷ್ಟವಾಗಿದೆ. ಮೇಯರ್, ಮೊರಾನ್ ಎಂಬ ಇಬ್ಬರು ಅಮೆರಿಕದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಥ ಮುದ್ರಣವನ್ನು ನೇರವಾಗಿಯೂ ಸಿಡಿಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿ ಗುರುತಿಸಲು ಹೇಳಿದಾಗ, 554 ಪ್ರಯತ್ನಗಳಲ್ಲಿ ಸರಿಯಾದವು 276. ಏನನ್ನೂ ಕೇಳದೆ ಊಹಿಸಿದ್ದರೂ ಅಷ್ಟೇ ಸರಿಯಾಗುತ್ತಿತ್ತು.

ನನ್ನ ಮಾತನ್ನಾಗಲಿ ಮೆಗಿಲ್‌ನವರ ಮಾತನ್ನಾಗಲಿ ಯಾರೂ ನಂಬಬೇಕಾಗಿಲ್ಲ. ಫೂಬಾರ್2000 ಎಂಬ ಉಚಿತ ತಂತ್ರಾಂಶದಲ್ಲಿ ಈ ಬಗೆಯ ಕುರುಡು ಪರೀಕ್ಷೆಯನ್ನು ಮನೆಯಲ್ಲಿಯೇ ನಡೆಸಿಕೊಳ್ಳಬಹುದು. ತಾನು ಚೆನ್ನಾಗಿ ಬಲ್ಲ ಒಂದು ಸಿಡಿಯಿಂದ ನಷ್ಟರಹಿತ ಪ್ರತಿಯೊಂದನ್ನೂ 256 ಕಿಲೋಬಿಟ್‌ಗಳ ಪ್ರತಿಯೊಂದನ್ನೂ ಮಾಡಿಕೊಂಡು, 16 ಸಲ ಕೇಳಿ, 12 ಸಲವಾದರೂ ಸರಿಯಾಗಿ ಗುರುತಿಸಿದವನು ತನ್ನ ಕಿವಿಗೆ ಭೇದ ತಿಳಿಯುತ್ತದೆಂದು ಹೇಳಿಕೊಳ್ಳಲು ಅರ್ಹ. ನಡುವಯಸ್ಸು ದಾಟಿದವರಲ್ಲಿ ಮೇಲಿನ ಕಂಪನಗಳನ್ನು ಕೇಳುವ ಶಕ್ತಿ ಸಹಜವಾಗಿಯೇ ಕುಂದಿರುತ್ತದೆ; ದುಬಾರಿ ಉಪಕರಣಗಳನ್ನು ಕೊಳ್ಳುವ ಅನುಕೂಲ ಬಹುಮಂದಿಗೆ ಒದಗುವುದೂ ಆ ವಯಸ್ಸಿನಲ್ಲಿಯೇ.

ಕಡಮೆ ಬಿಟ್‌ಗಳ ಫೈಲುಗಳನ್ನು ನಾನು ಸಮರ್ಥಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅಲ್ಲಿ ನಷ್ಟ ನಿಜವಾದದ್ದು, ನಮ್ಮ ಸಂಗೀತಕ್ಕೆ ಅದು ಹೆಚ್ಚಾಗಿಯೇ ತಟ್ಟುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯೊಂದನ್ನು ಸೇರಿಸಿ ಜೀವ ಹಿಡಿಸಿದಾಗ ಏಳುವ ಝೇಂಕಾರದಲ್ಲಿ ಒಂದೇ ತಂತಿಯಿಂದ ಎಷ್ಟೊಂದು ಮೇಲುಸ್ವರಗಳು ಹೊಮ್ಮುತ್ತವೆಂಬುದನ್ನೂ, ತಂತಿಯನ್ನು ಮೀಟಿದ ಸ್ಥಾನದಲ್ಲಿ ಹುಟ್ಟಬಾರದೆಂದು ಶಾಸ್ತ್ರ ಹೇಳುವ ಸ್ವರಗಳು ಕೂಡ ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಕೇಳಿಬರುವುದನ್ನೂ ಸರ್ ಸಿ. ವಿ. ರಾಮನ್ ಅವರು 1921ರಷ್ಟು ಹಿಂದೆಯೇ ಬರೆದಿದ್ದಾರೆ. ಮೃದಂಗ ತಬಲಗಳ ಮುಚ್ಚಿಗೆಯ ನಡುವೆ ಮೆತ್ತುವ ಕರಣೆಯಿಂದ ಚರ್ಮವಾದ್ಯವೊಂದು ಹೇಗೆ ತಂತಿವಾದ್ಯದಂತೆ ಶ್ರುತಿಬದ್ಧವಾದ ಮೇಲುಸ್ವರಗಳನ್ನು ಪಡೆಯುತ್ತದೆಂಬ ಅವರ ವಿಸ್ತಾರವಾದ ಲೇಖನ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದ ಮರುವರ್ಷ, 1934ರಲ್ಲಿ ಹೊರಬಂತು. ಆ ಮಹನೀಯರು ಅಳೆದು ತೋರಿಸಿದ ಈ ಮೇಲುಸ್ವರಗಳ ಸಂಪತ್ತನ್ನೇ ಅಗ್ಗದ ಎಂಪಿ3 ಮೊದಲು ಬಿಟ್ಟುಕೊಡುವುದು. 64 ಕಿಲೋಬಿಟ್‌ಗಳಲ್ಲಿ ತಂಬೂರಿಯ ನಾದ ಒಂದೇ ಸಮನಾಗಿ ನಿಲ್ಲದೆ ನೀರಿನೊಳಗಿನಿಂದ ಬಂದ ಹಾಗೆ ನಡುಗುತ್ತದೆ. ಮೃದಂಗದ ಚಾಪು ಬೀಳುವ ಮೊದಲೇ ಅದರ ಮಬ್ಬಾದ ಮುನ್ಸೂಚನೆಯೊಂದು ಕೇಳಿ ಪೆಟ್ಟಿನ ಹರಿತ ಹೋಗುತ್ತದೆ. ಎಂಪಿ3 ಧ್ವನಿಯನ್ನು ಚಿಕ್ಕ ಚಿಕ್ಕ ಕಾಲಖಂಡಗಳಾಗಿ ಕತ್ತರಿಸಿ ಲೆಕ್ಕ ಹಾಕುವುದರಿಂದ, ಒಂದು ಖಂಡದ ನಡುವೆ ಬಿದ್ದ ಪೆಟ್ಟಿನ ದೋಷ ಆ ಖಂಡದುದ್ದಕ್ಕೂ, ಪೆಟ್ಟಿಗೆ ಮೊದಲಿನ ಮೌನಕ್ಕೂ, ಹರಡಿಕೊಳ್ಳುವುದೇ ಇದಕ್ಕೆ ಕಾರಣ. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಒಂದು ಮೀಟಿನ ಬಳಿಕ ನಾದವು ಕ್ಷೀಣಿಸುತ್ತ ಕ್ಷೀಣಿಸುತ್ತ ಮುಂದಿನ ಸ್ವರದ ಹೊಸ್ತಿಲವರೆಗೆ ನಡೆಯುವ ರೀತಿಯಲ್ಲಿಯೇ ಮೈಸೂರು ಬಾನಿಯ ಸೊಗಸಿನ ಬಹುಭಾಗವಿದೆಯೆಂದು ನಂಬುವ ನನಗೆ, ಆ ಕೊನೆಯ ಎಳೆ ಇದ್ದಕ್ಕಿದ್ದಂತೆ ಕಡಿದುಹೋಗುವ ಫೈಲುಗಳನ್ನು ಕೇಳುವುದು ಕಷ್ಟ.

ಆದರೆ 256 ಕಿಲೋಬಿಟ್‌ಗಳ ಎಎಸಿಯೋ 320ರ ಎಂಪಿ3ಯೋ ಸಿಕ್ಕಿದ ಮೇಲೆ, ಮನೆಯ ಆನಂದವನ್ನು ನಿರ್ಣಯಿಸುವ ಅಂಶಗಳು ಫೈಲಿನಿಂದ ಹೊರಗಿರುತ್ತವೆ. ಬೀದಿಯ ವಾಹನಗಳ ಸದ್ದು, ತಲೆಯ ಮೇಲಿನ ಫ್ಯಾನು, ನಾಲ್ಕು ಕಡೆಯೂ ನುಣುಪಾದ ಗೋಡೆಯಿರುವ ಹಜಾರದಲ್ಲಿ ಏಳುವ ಪ್ರತಿಧ್ವನಿ, ಸ್ಪೀಕರುಗಳು ತಾವೇ ಸೇರಿಸುವ ವಿಕಾರ, ಇವೆಲ್ಲ ಕೂಡಿ ಮಾಡುವ ಹಾನಿಯ ಮುಂದೆ ಒಳ್ಳೆಯ ಎಂಪಿ3ರ ನಷ್ಟ ಗಣನೆಗೆ ಬಾರದು. ನಷ್ಟರಹಿತ ಸಂಗೀತಕ್ಕೆಂದು ಹೆಚ್ಚಿನ ಚಂದಾ ಕೊಟ್ಟು, ಅದನ್ನು ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವವರು ಎಷ್ಟೋ ಮಂದಿ. ಬ್ಲೂಟೂತ್ ತನ್ನ ಕಿರಿದಾದ ದಾರಿಯಲ್ಲಿ ಸಾಗಿಸಲು ಧ್ವನಿಯನ್ನು ಮತ್ತೊಮ್ಮೆ ಸಂಕುಚಿತಗೊಳಿಸುತ್ತದೆ; ಎಲ್ಲ ಉಪಕರಣಗಳಲ್ಲಿಯೂ ಇರಲೇಬೇಕಾದ ಎಸ್‌ಬಿಸಿ ಎಂಬ ಅದರ ಕ್ರಮ ಸಾಮಾನ್ಯವಾಗಿ 328 ಕಿಲೋಬಿಟ್‌ಗಳನ್ನು ಮೀರುವುದಿಲ್ಲ. ಹೀಗಿರುವಾಗ ಆ ಹೆಚ್ಚಿನ ಹಣವನ್ನು ಒಂದು ಜೊತೆ ಒಳ್ಳೆಯ ಸ್ಪೀಕರಿಗೋ, ಕಿಟಕಿಗೆ ದಪ್ಪನೆಯ ಪರದೆಗೋ, ಕಛೇರಿಯೊಂದರ ಟಿಕೇಟಿಗೋ ವಿನಿಯೋಗಿಸುವುದು ವಿವೇಕ.

ಇನ್ನೂ ಒಂದು ವಿಚಾರವುಂಟು. ಹಳೆಯ ಮುದ್ರಣಗಳನ್ನು ಮರಳಿ ಹೊರತರುವವರು ಅವನ್ನು ಇಂದಿನ ರುಚಿಗೆ ತಕ್ಕ ಹಾಗೆ ‘ಶುದ್ಧಿ’ ಮಾಡುವಾಗ, ಸಣ್ಣ ಧ್ವನಿಯನ್ನು ಎತ್ತರಿಸಿ ದೊಡ್ಡ ಧ್ವನಿಯನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತಾರೆ. ಟೇಪಿನ ಸುಯ್ಯೆಂಬ ಸದ್ದನ್ನು ಅಳಿಸುವ ಭರದಲ್ಲಿ ತಂಬೂರಿಯ ಝೇಂಕಾರವನ್ನೂ ಅದರ ಜೊತೆಗೆ ಅಳಿಸುತ್ತಾರೆ. ಅಂಥ ಮುದ್ರಣವನ್ನು ಫ್ಲ್ಯಾಕಿನಲ್ಲಿ ಕೊಟ್ಟರೆ ದೊರೆಯುವುದು ಆ ಅಪಚಾರದ ನಿರ್ದುಷ್ಟವಾದ ನಕಲು. ಜೀವಂತಿಕೆಯಿಂದ ಮುದ್ರಿಸಿ, ಅತಿಯಾಗಿ ಕೈಹಚ್ಚದೆ ಬಿಟ್ಟ ಸಂಗೀತವನ್ನು 192 ಕಿಲೋಬಿಟ್‌ಗಳಲ್ಲಿ ಕೇಳುವುದೇ ಅದಕ್ಕಿಂತ ಮೇಲು.

ಕೇಳುವ ಸುಖಕ್ಕೆ ಬೇಕಾದದ್ದು ಎಷ್ಟು ಸ್ವಲ್ಪವೆಂಬುದಕ್ಕೆ ಗೌಹರ್ ಜಾನರ ತಟ್ಟೆಗಳೇ ಸಾಕ್ಷಿ. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅವರ ಕೊಂಬಿನ ಮುಂದೆ ನಿಂತು ಆಕೆ ಹಾಡಿದಾಗ ವಿದ್ಯುತ್ತಿನ ಮೈಕ್ರೊಫೋನು ಮುದ್ರಣಕ್ಕೆ ಬಂದಿರಲಿಲ್ಲ. ಕಂಠದ ಒತ್ತಡದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕಾಗಿದ್ದ ಆ ಯಂತ್ರಕ್ಕೆ ಮೇಲಿನ ಕಂಪನಗಳೂ ಕೆಳಗಿನ ಕಂಪನಗಳೂ ಎಟುಕುತ್ತಿರಲಿಲ್ಲ, ಕಾಲಾವಕಾಶವೂ ಸುಮಾರು ಮೂರು ನಿಮಿಷ ಮಾತ್ರ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ತಮ್ಮ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡ ಆ ಗಾಯಕಿಯ ತಾನಗಳ ಮಿಂಚು, ಅಷ್ಟು ಗೀರು ಗರಗರಗಳ ನಡುವಿನಿಂದಲೂ, ಅಷ್ಟು ಸಂಕುಚಿತವಾದ ಮುದ್ರಣದಿಂದಲೂ ಇಂದಿಗೂ ಕೇಳುವವನನ್ನು ಬೆರಗುಗೊಳಿಸುತ್ತದೆ.

ಆ ತಟ್ಟೆಗಳನ್ನು ಯಾರೋ ಕಾಪಾಡಿಕೊಂಡು ಬಂದದ್ದರಿಂದಲೇ ನಾವು ಇದನ್ನು ಹೇಳಲು ಸಾಧ್ಯವಾಗಿದೆ. ಇಲ್ಲಿಂದ ನನ್ನ ಎರಡನೆಯ ಪ್ರಶ್ನೆ ಆರಂಭವಾಗುತ್ತದೆ. ನಿಜವಾದ ಕಳವಳವೂ ಇಲ್ಲಿಯೇ.

ನಮ್ಮ ನಾಡಿನ ಮಧ್ಯಮವರ್ಗದ ಮನೆಗಳಲ್ಲಿ, ಅಟ್ಟದ ಮೇಲೆ, ಹಳೆಯ ಬೀರುಗಳಲ್ಲಿ, ಎಷ್ಟೋ ಕ್ಯಾಸೆಟ್ಟುಗಳು ಬಿದ್ದಿವೆ: ರಾಮೋತ್ಸವದ ಚಪ್ಪರದಲ್ಲಿ ಕುಳಿತು ತೊಡೆಯ ಮೇಲೆ ಟೇಪ್‌ರೆಕಾರ್ಡರನ್ನಿಟ್ಟುಕೊಂಡು ಹಿಡಿದ ಕಛೇರಿಗಳು, ಆಕಾಶವಾಣಿಯಿಂದ ರಾತ್ರಿ ಎಚ್ಚರವಿದ್ದು ಮುದ್ರಿಸಿಕೊಂಡ ಕಾರ್ಯಕ್ರಮಗಳು, ಮದುವೆಯ ಮನೆಯ ನಾಗಸ್ವರ, ಹೆಸರಿಲ್ಲದ ಅಜ್ಜಿಯರು ಹಾಡಿದ ಹಸೆಯ ಹಾಡುಗಳು. ಇವುಗಳಲ್ಲಿ ಅನೇಕದರ ಎರಡನೆಯ ಪ್ರತಿ ಲೋಕದಲ್ಲಿ ಎಲ್ಲಿಯೂ ಇಲ್ಲ. ಈಗ ಅವುಗಳನ್ನು ಕಂಪ್ಯೂಟರಿಗೆ ಇಳಿಸುವ ಉತ್ಸಾಹ ಕಾಣುತ್ತಿರುವುದು ಸಂತೋಷದ ಸಂಗತಿ. ಆದರೆ ಇಳಿಸುವವರು ನೇರವಾಗಿ 128ರ ಎಂಪಿ3 ಮಾಡಿಕೊಂಡು, ಕ್ಯಾಸೆಟ್ಟುಗಳನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಡುತ್ತಾರೆ. ನಾನು ಬಲ್ಲ ಸಂಗೀತ ಸಭೆಯೊಂದು ದಶಕಗಳ ಕಾಲದ ತನ್ನ ಸ್ಪೂಲ್ ಟೇಪುಗಳನ್ನು ಸ್ಥಳ ಸಾಲದೆಂದು ವಿಲೇವಾರಿ ಮಾಡಿದಾಗ ಉಳಿಸಿಕೊಂಡದ್ದು ಕಡಮೆ ಬಿಟ್‌ಗಳ ಫೈಲುಗಳ ಒಂದು ಪೆನ್ ಡ್ರೈವನ್ನು ಮಾತ್ರ. ಆ ಕೆಲಸವನ್ನು ಮಾಡಿದವರು ಸಂಗೀತದಲ್ಲಿ ಪ್ರೀತಿಯುಳ್ಳವರೇ. ಕೇಳಲು ಚೆನ್ನಾಗಿದೆಯಲ್ಲ ಎಂದು ಅವರು ಹೇಳಿದ ಮಾತೂ ಸುಳ್ಳಲ್ಲ. ಅಳತೆಗೋಲು ತಪ್ಪಿದ್ದಷ್ಟೆ.

ಸಂಕುಚಿತ ಫೈಲಿನ ತತ್ತ್ವ ನಿಂತಿರುವುದು ಒಂದು ನಂಬಿಕೆಯ ಮೇಲೆ: ಈ ಧ್ವನಿಯನ್ನು ಮನುಷ್ಯನೊಬ್ಬ ಇದ್ದುದಿದ್ದಂತೆಯೇ ಕೇಳುವನೆಂಬುದು. ಆ ಧ್ವನಿಯನ್ನು ಯಾರಾದರೂ ತಿದ್ದಲು ತೊಡಗಿದ ಕ್ಷಣದಲ್ಲಿ ನಂಬಿಕೆ ಕುಸಿಯುತ್ತದೆ. ಹಳೆಯ ಕ್ಯಾಸೆಟ್ಟಿನ ಧ್ವನಿಗೆ ತಿದ್ದುಪಡಿ ಬೇಕಾಗುವುದು ಖಂಡಿತ. ಟೇಪಿನ ಸದ್ದನ್ನು ತಗ್ಗಿಸಬೇಕು, ಮಂಕಾದ ಮೇಲುಸ್ವರಗಳನ್ನು ಎತ್ತಬೇಕು, ಓಟದ ಏರುಪೇರಿನಿಂದ ಕೆಟ್ಟ ಶ್ರುತಿಯನ್ನು ಸರಿಪಡಿಸಬೇಕು. ಎಂಪಿ3 ಯಾವುದನ್ನು ದೊಡ್ಡ ಧ್ವನಿಯ ನೆರಳಿನಲ್ಲಿದೆ, ಕೇಳಿಸುವುದಿಲ್ಲ ಎಂದು ಬಿಟ್ಟಿತ್ತೋ, ಆ ದೊಡ್ಡ ಧ್ವನಿಯನ್ನು ತಗ್ಗಿಸಿದಾಗ ಅಲ್ಲಿ ಇರಬೇಕಾಗಿದ್ದ ಸಂಗೀತದ ಬದಲು ಬರಿಯ ಲೆಕ್ಕದ ಕಸರು ಎದ್ದು ಕಾಣುತ್ತದೆ. ಟೇಪಿನ ಸದ್ದನ್ನು ಅಳಿಸುವ ತಂತ್ರಾಂಶ ಆ ಸದ್ದಿನ ಸ್ವರೂಪವನ್ನು ಅಭ್ಯಾಸ ಮಾಡಿ ಕೆಲಸ ನಡೆಸುವುದರಿಂದ, ಸದ್ದು ಕೂಡ ಇದ್ದ ಹಾಗೆಯೇ ಉಳಿದಿರುವುದು ಅಗತ್ಯ. ಗಾಯಕನ ಕಂಠವನ್ನೂ ಮೃದಂಗವನ್ನೂ ಒಂದೇ ಮುದ್ರಣದಿಂದ ಬೇರ್ಪಡಿಸಬಲ್ಲ, ಗಮಕದ ಓಲಾಟವನ್ನು ಗೆರೆಯಲ್ಲಿ ಬರೆದು ತೋರಿಸಬಲ್ಲ ಸಾಧನಗಳು ಈಗಾಗಲೇ ಬಂದಿವೆ. ಇಪ್ಪತ್ತು ವರ್ಷಗಳ ತರುವಾಯ ಎಂಥವು ಬಂದಾವೋ ಊಹಿಸಲಾಗದು. ಅವುಗಳ ಕಿವಿ ನಮ್ಮ ಕಿವಿಯಲ್ಲ. 1990ರ ದಶಕದ ಶ್ರೋತೃವಿಗೆ ಬೇಡವೆಂದು ತೆಗೆದದ್ದು ಮುಂದಿನ ಸಂಶೋಧಕನಿಗೆ ಬೇಡವಾದೀತೆಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ.

ನಕಲಿನಿಂದ ನಕಲು ಮಾಡುವಾಗಿನ ಹಾನಿ ಬೇರೆ. ಆಪಲ್ ಸಂಸ್ಥೆ 2003ರಲ್ಲಿ ಹಾಡುಗಳನ್ನು ಮಾರತೊಡಗಿದಾಗ ಅವು 128 ಕಿಲೋಬಿಟ್‌ಗಳವು; 2007ರಲ್ಲಿ 256ರವು ಬಂದವು; 2012ರಲ್ಲಿ ಓಪಸ್ ಎಂಬ ಇನ್ನೂ ಸಮರ್ಥವಾದ ಕ್ರಮ ಹುಟ್ಟಿತು. ನಷ್ಟರಹಿತವಾದ ಪ್ರತಿಯುಳ್ಳವನು ಇವುಗಳಲ್ಲಿ ಯಾವುದಕ್ಕೆ ಬೇಕಾದರೂ ಮೂಲದಿಂದಲೇ ಹೊಸ ಪ್ರತಿಯನ್ನು ತೆಗೆದುಕೊಳ್ಳಬಲ್ಲ. ಎಂಪಿ3 ಒಂದನ್ನೇ ಇಟ್ಟುಕೊಂಡವನು ಕ್ರಮವನ್ನು ಬದಲಾಯಿಸಿದಷ್ಟು ಸಲವೂ ಕಳೆದುಕೊಂಡದ್ದರ ಮೇಲೆ ಮತ್ತಷ್ಟು ಕಳೆದುಕೊಳ್ಳುತ್ತಾನೆ; ಅದನ್ನು ಫ್ಲ್ಯಾಕಿಗೆ ತಿರುಗಿಸಿದರೆ ಗಾತ್ರ ಬೆಳೆಯುವುದಲ್ಲದೆ ಹೋದದ್ದು ಮರಳಿ ಬರುವುದಿಲ್ಲ. ಹೀಗೆ ತಿರುಗಿಸಿದ ಫೈಲುಗಳನ್ನು ನಷ್ಟರಹಿತವೆಂದು ಹೇಳಿ ಹಂಚುವ ವಂಚನೆಯೂ ನಡೆಯುತ್ತಿದೆ. ಕಂಪನಗಳ ಚಿತ್ರವನ್ನು ತೆರೆದು ನೋಡಿದರೆ 16,000ದ ಸುಮಾರಿನಿಂದ ಮೇಲೆ ಕತ್ತರಿಯಿಂದ ಕತ್ತರಿಸಿದ ಹಾಗೆ ಎಲ್ಲವೂ ಬರಿದಾಗಿರುವುದು ಕಾಣುವುದಾಗಿ, ಅದನ್ನು ಹಿಡಿಯುವುದೇನೂ ಕಷ್ಟವಲ್ಲ.

ಸ್ಥಳದ ಅಭಾವವೆಂಬ ಸಮಾಧಾನ ಈಗ ಸಲ್ಲದು. ಎಂಪಿ3 ಹುಟ್ಟಿದ ಕಾಲದಲ್ಲಿ ಹಾರ್ಡ್ ಡಿಸ್ಕುಗಳೂ ದೂರವಾಣಿಯ ತಂತಿಗಳೂ ಅಷ್ಟು ಇಕ್ಕಟ್ಟಾಗಿದ್ದುವು. ಹನ್ನೊಂದರಲ್ಲಿ ಒಂದು ಭಾಗಕ್ಕೆ ಇಳಿಸದೆ ಬೇರೆ ದಾರಿಯಿರಲಿಲ್ಲ. ಇಂದು ಜೇಬಿನಲ್ಲಿ ಹಿಡಿಸುವ ಒಂದು ಟಿಬಿ ಡಿಸ್ಕಿನಲ್ಲಿ ಸಿಡಿಯ ಮಟ್ಟದ ಫ್ಲ್ಯಾಕ್ ಫೈಲುಗಳಾಗಿ ಎರಡು ಸಾವಿರ ಗಂಟೆಗಳಿಗೂ ಹೆಚ್ಚಿನ ಸಂಗೀತ ಹಿಡಿಯುತ್ತದೆ. ಒಂದು ಸಭೆಯ ಅರ್ಧ ಶತಮಾನದ ಕಛೇರಿಗಳಿಗೆ ಇಂಥ ಕೆಲವು ಡಿಸ್ಕುಗಳು ಸಾಕು. ಅದರ ವೆಚ್ಚ ಒಂದು ವಾರ್ಷಿಕೋತ್ಸವದ ಹೂವಿನ ಅಲಂಕಾರವನ್ನು ಮೀರಲಾರದು.

ಆದಕಾರಣ ಸಾರ್ವಜನಿಕ ಸಹಾಯಧನದಿಂದ ಧ್ವನಿಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ತರುವ ಯಾವ ಸಭೆಗೂ, ವಿಶ್ವವಿದ್ಯಾಲಯಕ್ಕೂ, ಅಕಾಡೆಮಿಗೂ, ನಷ್ಟರಹಿತವಾದ ಮೂಲಪ್ರತಿಯನ್ನು ಇಡುವುದು ಸಹಾಯಧನದ ನಿಬಂಧನೆಯಾಗಬೇಕು. ಟೇಪುಗಳನ್ನು ವಿಲೇವಾರಿ ಮಾಡಕೂಡದೆಂಬುದು ಅದರ ಜೊತೆಗೇ ಇರಬೇಕು. ನಮ್ಮ ಹಳೆಯ ಭಾವಗೀತೆ, ದೇವರನಾಮ, ರಂಗಗೀತೆಗಳ ಹಕ್ಕನ್ನು ಹೊಂದಿರುವ ಪ್ರಕಾಶಕರೂ ಇಷ್ಟನ್ನು ಮಾಡಬಹುದು: ತಮ್ಮಲ್ಲಿರುವ ಮೂಲ ಟೇಪಿನಿಂದ ತೆಗೆದ, ಅತಿಯಾಗಿ ತೊಳೆಯದ ಒಂದು ನಷ್ಟರಹಿತ ಪ್ರತಿಯನ್ನು ಬೇಕೆನ್ನುವವರಿಗೆ ನ್ಯಾಯವಾದ ಬೆಲೆಗೆ ಮಾರುವುದು. ಚಂದಾ ಕೊಟ್ಟು ಕೇಳುವ ಸೇವೆಯಲ್ಲಿ ಹಾಡು ಇಂದು ಇದ್ದು ನಾಳೆ ಹಕ್ಕಿನ ವ್ಯಾಜ್ಯದಲ್ಲಿ ಮಾಯವಾಗುತ್ತದೆ; ನಷ್ಟರಹಿತವಾದರೇನು, ಅಲ್ಲಿ ನಮ್ಮದೆಂಬುದು ಯಾವುದೂ ಇಲ್ಲ. ಕೊಂಡು ಮನೆಯಲ್ಲಿಟ್ಟುಕೊಳ್ಳುವ ಅವಕಾಶವಿದ್ದರೆ ನೂರಾರು ಮನೆಗಳು ನೂರಾರು ಭಂಡಾರಗಳಾದಾವು.

ಮನೆಯಲ್ಲಿ ಕ್ಯಾಸೆಟ್ಟುಗಳುಳ್ಳವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮೊದಲು ಕೆಲಸ ಮಾಡುವ ಒಂದು ಡೆಕ್ಕನ್ನು ಹುಡುಕಿ ಅದರ ಹೆಡ್ಡನ್ನು ಒರೆಸಿ ಶುಚಿಮಾಡಿಕೊಳ್ಳಬೇಕು. ಅಂಥ ಯಂತ್ರಗಳೂ ಅವನ್ನು ರಿಪೇರಿ ಮಾಡಬಲ್ಲವರೂ ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘ ಕನಿಷ್ಠವೆಂದು ಹೇಳಿರುವ ಪ್ರಮಾಣ, ಸೆಕೆಂಡಿಗೆ 48,000 ಅಳತೆ ಮತ್ತು ಅಳತೆಗೆ 24 ಬಿಟ್. ಕಿವಿಗೆ ಇಷ್ಟು ಬೇಕೆಂದು ಅವರು ಹಾಗೆ ಹೇಳಿದ್ದಲ್ಲ. ಮುಂದೆ ತಿದ್ದುವಾಗ ಕೈಯಾಡಿಸಲು ಎಡೆಯಿರಲೆಂದು ಹೇಳಿದ್ದು. ಈ ಪ್ರಮಾಣದಲ್ಲಿ, ಏನನ್ನೂ ತಿದ್ದದೆ, ಸುಯ್ಯೆಂಬ ಸದ್ದನ್ನೂ ಸಭಿಕರ ಕೆಮ್ಮನ್ನೂ ಹಾಗೆಯೇ ಬಿಟ್ಟು, ಫ್ಲ್ಯಾಕಿನಲ್ಲಿ ಉಳಿಸಿ, ಯಾರು, ಯಾವ ಊರು, ಯಾವ ವರ್ಷ, ಪಕ್ಕವಾದ್ಯದಲ್ಲಿ ಯಾರೆಂಬುದನ್ನು ನೆನಪಿರುವವರು ಇರುವಾಗಲೇ ಬರೆದಿಡತಕ್ಕದ್ದು. ಫ್ಲ್ಯಾಕ್ ತನ್ನೊಳಗೇ ಧ್ವನಿಯ ಒಂದು ಲೆಕ್ಕದ ಗುರುತನ್ನು ಇಟ್ಟುಕೊಂಡಿರುವುದರಿಂದ, ವರ್ಷಕ್ಕೊಮ್ಮೆ ತಾಳೆ ನೋಡಿದರೆ ಡಿಸ್ಕಿನಲ್ಲಿ ಏನಾದರೂ ಕೆಟ್ಟಿದ್ದರೆ ತಿಳಿಯುತ್ತದೆ. ಎರಡು ಡಿಸ್ಕುಗಳಲ್ಲಿ ಎರಡು ಪ್ರತಿಗಳು, ಒಂದು ತಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಅಣ್ಣನದೋ ಮಗಳದೋ ಮನೆಯಲ್ಲಿ. ಇಷ್ಟಾದ ಮೇಲೆ ಅದರಿಂದ 256 ಕಿಲೋಬಿಟ್‌ಗಳ ಪ್ರತಿಗಳನ್ನು ಎಷ್ಟು ಬೇಕಾದರೂ ತೆಗೆದು, ಕಾರಿನಲ್ಲಿ ಕೇಳಲು, ಅಡುಗೆಮನೆಯ ಸ್ಪೀಕರಿನಲ್ಲಿ ಕೇಳಲು, ಅಮೆರಿಕದಲ್ಲಿರುವ ಮೊಮ್ಮಕ್ಕಳಿಗೆ ಕಳುಹಿಸಲು, ನಿಸ್ಸಂಕೋಚವಾಗಿ ಬಳಸಬಹುದು.